ಕಳೆದುಕೊಂಡರೆ ಪ್ಲಸ್, ಪಡೆದರೆ ಮೈನಸ್

ಕೇಳುಗರಿಗೆ ನಮಸ್ಕಾರ. ಕೈಯಲ್ಲೊಂದು ಪೆನ್ಸಿಲು, ಎದುರಿಗೊಂದು ಹಾಳೆ ಇಟ್ಟುಕೊಂಡರೆ ಒಳ್ಳೆಯದು. ಇವತ್ತಿನ ಮಾತು ಅಯಾನುಗಳ ಬಗ್ಗೆ, ಎಂದರೆ ಎಲೆಕ್ಟ್ರಾನನ್ನು ಕಳೆದುಕೊಂಡ ಇಲ್ಲವೇ ಪಡೆದ ಪರಮಾಣುಗಳ ಬಗ್ಗೆ. ಅದರಲ್ಲಿ ಸ್ವಲ್ಪ ಲೆಕ್ಕವಿದೆ.

ಹಾಳೆಯ ಮೇಲೆ ಸೋಡಿಯಂ ಎಂದು ಬರೆದುಕೊಳ್ಳಿ. ಅದರ ಪರಮಾಣು ಸಂಖ್ಯೆ 11. ಎಂದರೆ ಬೀಜಕೇಂದ್ರದಲ್ಲಿ 11 ಪ್ರೋಟಾನು, ಸುತ್ತ 11 ಎಲೆಕ್ಟ್ರಾನು. ಪ್ರೋಟಾನಿನದು ಧನಾವೇಶ, ಎಲೆಕ್ಟ್ರಾನಿನದು ಋಣಾವೇಶ. ರಾಶಿಯಲ್ಲಿ ಪ್ರೋಟಾನು ಸುಮಾರು 1836 ಪಟ್ಟು ದೊಡ್ಡದು, ಆದರೆ ಆವೇಶದ ಪ್ರಮಾಣ ಎರಡಕ್ಕೂ ಒಂದೇ. ಹನ್ನೊಂದಕ್ಕೆ ಹನ್ನೊಂದು ವಜಾ ಆಗಿ ಪರಮಾಣು ತಟಸ್ಥವಾಗಿರುತ್ತದೆ. ಈಗ ಹೊರ ಕವಚದ ಒಂದು ಎಲೆಕ್ಟ್ರಾನನ್ನು ತೆಗೆದುಹಾಕಿ. ಪ್ರೋಟಾನು 11, ಎಲೆಕ್ಟ್ರಾನು 10. ಕಳೆದರೆ ಪ್ಲಸ್ ಒಂದು. ಇದೇ ಸೋಡಿಯಂ ಅಯಾನು.

ಎಡವುವುದು ಇಲ್ಲೇ. ಪ್ಲಸ್ ಕಂಡೊಡನೆ ಏನೋ ಸೇರಿದೆ ಅಂದುಕೊಂಡು ಎಷ್ಟೋ ವಿದ್ಯಾರ್ಥಿಗಳು 12 ಎಲೆಕ್ಟ್ರಾನು ಬರೆಯುತ್ತಾರೆ. ಕೆಲವರು ಪ್ರೋಟಾನನ್ನೇ 12 ಮಾಡುತ್ತಾರೆ. 12 ಪ್ರೋಟಾನಿದ್ದರೆ ಅದು ಸೋಡಿಯಮ್ಮೇ ಅಲ್ಲ, ಮೆಗ್ನೀಷಿಯಂ! ರಾಸಾಯನಿಕ ಕ್ರಿಯೆಯಲ್ಲಿ ಬೀಜಕೇಂದ್ರ ಅಲುಗುವುದಿಲ್ಲ, ಹೋಗಿ ಬರುವುದು ಎಲೆಕ್ಟ್ರಾನು ಮಾತ್ರ. ಅದು ಋಣಾವೇಶದ್ದಾದ್ದರಿಂದ ಕಳೆದುಕೊಂಡರೆ ಪ್ಲಸ್, ಪಡೆದರೆ ಮೈನಸ್. ಕ್ಲೋರೈಡ್ ಎನ್ನುವ ಕ್ಲೋರಿನ್ ಅಯಾನಿನಲ್ಲಿ 17 ಪ್ರೋಟಾನು, 18 ಎಲೆಕ್ಟ್ರಾನು, ಮೈನಸ್ ಒಂದು. ಕಬ್ಬಿಣಕ್ಕೆ ಪ್ರೋಟಾನು 26. ಎರಡು ಪ್ಲಸ್ ಆದಾಗ ಎಲೆಕ್ಟ್ರಾನು 24, ಮೂರು ಪ್ಲಸ್ ಆದಾಗ 23. ನ್ಯೂಟ್ರಾನು ಈ ಲೆಕ್ಕಕ್ಕೆ ಬರುವುದೇ ಇಲ್ಲ.

ಸೋಡಿಯಂ ತನ್ನ ಎಲೆಕ್ಟ್ರಾನನ್ನು ತಾನಾಗಿ ಬಿಟ್ಟುಕೊಡುತ್ತದೆ ಎಂದು ಹೇಳಿಕೊಡುವುದುಂಟು. ಹಾಗೆ ಹೇಳಬಾರದು. ಒಂಟಿ ಸೋಡಿಯಂ ಪರಮಾಣುವಿನಿಂದ ಎಲೆಕ್ಟ್ರಾನು ಕೀಳಲು, ಎಲೆಕ್ಟ್ರಾನ್ ವೋಲ್ಟ್ ಎಂಬ ಅಳತೆಯಲ್ಲಿ, 5.14ರಷ್ಟು ಶಕ್ತಿ ಬೇಕು. ಆ ಎಲೆಕ್ಟ್ರಾನನ್ನು ಕ್ಲೋರಿನ್ ಪರಮಾಣು ಸೇರಿಸಿಕೊಂಡಾಗ ಹೊರಬರುವುದು 3.61 ಮಾತ್ರ. ಇನ್ನೂ 1.53 ಕೊರತೆ ಬೀಳುತ್ತದೆ. ಈ ಕೊರತೆಯನ್ನು ತುಂಬುವುದು ಆಮೇಲಿನ ಆಕರ್ಷಣೆ. ಉಪ್ಪಿನ ಹರಳಿನೊಳಗೆ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್ ಅಯಾನುಗಳು, ಕೇಂದ್ರದಿಂದ ಕೇಂದ್ರಕ್ಕೆ ಬರೀ 0.28 ನ್ಯಾನೋಮೀಟರ್ ದೂರದಲ್ಲಿ ಕೂತಿರುತ್ತವೆ. ಅಷ್ಟು ಹತ್ತಿರದ ಸೆಳೆತದಿಂದ ಬಿಡುಗಡೆಯಾಗುವ ಶಕ್ತಿ ಕೊರತೆಯನ್ನು ತುಂಬಿ ಮಿಗುತ್ತದೆ. ಹಾಗಾದರೆ ಸೋಡಿಯಂ ಎರಡನೆಯ ಎಲೆಕ್ಟ್ರಾನನ್ನೂ ಏಕೆ ಕಳೆದುಕೊಳ್ಳುವುದಿಲ್ಲ? ಅದು ಒಳ ಕವಚದ್ದು. ಕೀಳಲು 47.3 ಎಲೆಕ್ಟ್ರಾನ್ ವೋಲ್ಟ್ ಬೇಕು, ಅದನ್ನು ಯಾವ ಹರಳೂ ಭರಿಸಲಾರದು.

ಇದೇ ಉಪ್ಪನ್ನು ನೀರಿಗೆ ಹಾಕಿದರೆ ಅಯಾನುಗಳ ನಡುವಿನ ಸೆಳೆತ ಸುಮಾರು ಎಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಅವು ಬಿಡಿಬಿಡಿಯಾಗಿ ಓಡಾಡುತ್ತವೆ. ಒಣ ಉಪ್ಪಿನಲ್ಲಿ ಹರಿಯದ ವಿದ್ಯುತ್ತು ಉಪ್ಪುನೀರಿನಲ್ಲಿ ಹರಿಯುವುದು ಇದರಿಂದ.

ಇನ್ನು ಆವೇಶವನ್ನು ತಕ್ಕಡಿಯಲ್ಲೇ ನೋಡೋಣ. ಆವೇಶದ ಅಳತೆಗೆ ಕೂಲಮ್ ಎನ್ನುತ್ತಾರೆ. ಒಂದು ಎಲೆಕ್ಟ್ರಾನಿನ ಆವೇಶ 1.602ನ್ನು ಹತ್ತರ ಮೈನಸ್ 19ನೇ ಘಾತದಿಂದ ಗುಣಿಸಿದಷ್ಟು ಕೂಲಮ್. ಮೋಲ್ ಎಂದರೆ ಕಣಗಳನ್ನು ಎಣಿಸುವ ಒಂದು ದೊಡ್ಡ ಗುಂಪು. ಒಂದು ಮೋಲ್ ಎಲೆಕ್ಟ್ರಾನುಗಳದ್ದು 96,485 ಕೂಲಮ್. ಮೈಲುತುತ್ತದ, ಎಂದರೆ ತಾಮ್ರದ ಸಲ್ಫೇಟಿನ ದ್ರಾವಣದಲ್ಲಿ ಎರಡು ತಾಮ್ರದ ಪಟ್ಟಿಗಳನ್ನು ಇಳಿಸಿ, ಒಂದು ಆಂಪಿಯರ್ ವಿದ್ಯುತ್ತನ್ನು ಒಂದು ಗಂಟೆ ಹರಿಸಿ. ಒಂದು ಆಂಪಿಯರ್ ಎಂದರೆ ಸೆಕೆಂಡಿಗೆ ಒಂದು ಕೂಲಮ್, ಆದ್ದರಿಂದ 3,600 ಕೂಲಮ್ ಹರಿಯಿತು. ತಾಮ್ರದ ಅಯಾನು ಎರಡು ಪ್ಲಸ್, ಆದ್ದರಿಂದ ಒಂದೊಂದಕ್ಕೂ ಎರಡೆರಡು ಎಲೆಕ್ಟ್ರಾನು ಬೇಕು. ಒಂದು ಮೋಲ್, ಎಂದರೆ 63.55 ಗ್ರಾಂ ತಾಮ್ರಕ್ಕೆ 1,92,970 ಕೂಲಮ್ ಎಂದಾಯಿತು. ಋಣ ತುದಿಗೆ ಜೋಡಿಸಿದ ಪಟ್ಟಿಯ ಮೇಲೆ ಕೂರಬೇಕಾದದ್ದು 1.19 ಗ್ರಾಂ. ಆ ಎರಡನ್ನು ಮರೆತರೆ 2.37 ಗ್ರಾಂ ಎಂಬ ತಪ್ಪು ಉತ್ತರ ಬರುತ್ತದೆ.

ಆ ಪಟ್ಟಿಯನ್ನು ಮೊದಲೇ ತೂಗಿಡಿ. ಆಮೇಲೆ ಉಜ್ಜದೆ, ನೀರಲ್ಲಿ ಅದ್ದಿ ತೊಳೆದು, ಪೂರ್ತಿ ಒಣಗಿಸಿ ಮತ್ತೆ ತೂಗಿ. ಏರಿದ ತೂಕ ಲೆಕ್ಕಕ್ಕಿಂತ ಹೆಚ್ಚು ಬಂದರೆ ಪಟ್ಟಿಯಲ್ಲಿ ತೇವ ಉಳಿದಿರಬಹುದು. ಕಡಿಮೆ ಬಂದು, ಪಟ್ಟಿಯ ಬಳಿ ಗುಳ್ಳೆಗಳೂ ಎದ್ದಿದ್ದರೆ ವಿದ್ಯುತ್ತು ಜಾಸ್ತಿಯಾಗಿದೆ ಎಂದು ತಿಳಿಯಿರಿ. ಅಲ್ಲಿ ತಾಮ್ರದ ಅಯಾನುಗಳು ಸಾಲದೆ, ಬಂದ ಎಲೆಕ್ಟ್ರಾನುಗಳನ್ನು ಹೈಡ್ರೋಜನ್ ಅಯಾನುಗಳು ತೆಗೆದುಕೊಂಡಿವೆ. ಪಟ್ಟಿಯನ್ನು ಅಗಲವಾದದ್ದಕ್ಕೆ ಬದಲಿಸಿ, ಇಲ್ಲವೇ ಅರ್ಧ ಆಂಪಿಯರಿಗೆ ಇಳಿಸಿ ಎರಡು ಗಂಟೆ ಬಿಡಿ.