ಬಾಲಗಂಧರ್ವರ ಮನೆ ಕೆಡವುವ ಮುನ್ನ

ಕೇಳುಗರೆಲ್ಲರಿಗೂ ನಮಸ್ಕಾರ.

ಪುಣೆಯ ಜಂಗಲಿ ಮಹಾರಾಜ್ ರಸ್ತೆಯಲ್ಲಿರುವ ಬಾಲಗಂಧರ್ವ ರಂಗಮಂದಿರವನ್ನು ಕೆಡವಿ, ಅದೇ ಜಾಗದಲ್ಲಿ ದೊಡ್ಡ ಸಂಕೀರ್ಣ ಕಟ್ಟಬೇಕು ಅನ್ನುವ ಮಾತು ಕೆಲವು ವರ್ಷಗಳಿಂದ ಮತ್ತೆ ಮತ್ತೆ ಏಳುತ್ತಿದೆ. ಒಂದು ಸಭಾಂಗಣದ ಬದಲು ಹಲವು ಬರುತ್ತವಂತೆ. ಗಾಡಿ ನಿಲ್ಲಿಸೋಕೆ ಜಾಗ ಜಾಸ್ತಿಯಾಗುತ್ತದಂತೆ. ಕೇಳೋಕೆ ಚೆನ್ನಾಗಿದೆ. ಆದರೂ ಇಲ್ಲಿನ ಎಷ್ಟೋ ಕಲಾವಿದರು ಇದನ್ನು ವಿರೋಧಿಸಿದರು. ಅವರು ಹೇಳುತ್ತಿರುವುದು ಸರಿ ಅಂತಲೇ ನಾನೂ ನಂಬಿದ್ದೇನೆ.

ಈ ರಂಗಮಂದಿರದ ಅಡಿಗಲ್ಲು ಇಟ್ಟವರು, ಸ್ತ್ರೀಪಾತ್ರಕ್ಕೆ, ಹಾಡಿಗೆ ಹೆಸರಾದ ಮರಾಠಿ ನಟ ಬಾಲಗಂಧರ್ವರೇ ಸ್ವತಃ, 1962ರಲ್ಲಿ. ಕಟ್ಟಡ ಮುಗಿದದ್ದನ್ನು ನೋಡುವ ಭಾಗ್ಯ ಅವರಿಗೆ ಸಿಗಲಿಲ್ಲ. 1967ರಲ್ಲಿ ತೀರಿಕೊಂಡರು. ಬಾಗಿಲು ತೆರೆದದ್ದು 1968ರ ಜೂನ್‌ನಲ್ಲಿ. ರಂಗಮಂದಿರ ಹೇಗಿರಬೇಕು ಅಂತ ಮುಂದೆ ನಿಂತು ಹೇಳಿದವರು ಮರಾಠಿಯ ಲೇಖಕ, ನಾಟಕಕಾರ ಪು. ಲ. ದೇಶಪಾಂಡೆ. ವೇದಿಕೆಯ ಕಷ್ಟ ಸುಖ ಗೊತ್ತಿದ್ದ ಮನುಷ್ಯ.

ಇದು ಮರಾಠಿಯವರ ವಿಷಯ, ಕನ್ನಡದವರಿಗೇನು ಅಂತ ಕೇಳಬಹುದು. ಸ್ವಲ್ಪ ಹಿಂದಕ್ಕೆ ಹೋಗೋಣ. 1880ರಲ್ಲಿ ಇದೇ ಪುಣೆಯಲ್ಲಿ 'ಶಾಕುಂತಲ' ಆಡಿಸಿ ಮರಾಠಿ ಸಂಗೀತ ನಾಟಕಕ್ಕೆ ದಾರಿ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರ್ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಅವರು ಕಟ್ಟಿದ ಮಂಡಳಿಗೇ 1905ರಲ್ಲಿ ನಾರಾಯಣ ರಾಜಹಂಸ ಅನ್ನುವ ಹುಡುಗ ಸೇರಿದ. ಅವನೇ ಬಾಲಗಂಧರ್ವ. ನಮ್ಮ ಕುಂದಗೋಳದ ರಾಮಭಾವು ಕೂಡ ಮರಾಠಿ ರಂಗದ ಮೇಲೆ ಸ್ತ್ರೀಪಾತ್ರ ಮಾಡಿ, ಹಾಡಿ, ಸವಾಯಿ ಗಂಧರ್ವರಾದರು. ಅವರ ಹತ್ತಿರ ಕಲಿತ ಗದಗಿನ ಹುಡುಗ ಭೀಮಸೇನ ಜೋಶಿ ಪುಣೆಯಲ್ಲೇ ನೆಲೆ ನಿಂತರು. ಗುರುವಿನ ನೆನಪಿಗೆ 1953ರಲ್ಲಿ ಶುರುವಾದ ಉತ್ಸವವನ್ನು ಬೆಳೆಸಿದರು. ಈ ಊರಿನ ಹಾಡಿನಲ್ಲಿ ನಮ್ಮ ಪಾಲು ಸಣ್ಣದಲ್ಲ. ಹಾಗಾಗಿ ಇಲ್ಲಿ ಮಾತಾಡುವ ಹಕ್ಕು ನಮಗೂ ಇದೆ, ಹೊಣೆಯೂ ಇದೆ.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ಮುಂಬೈ, ಪುಣೆಯಲ್ಲಿ ಜಾಗದ ಮಾತು ಬಂದರೆ ಮೊದಲು ಕೇಳುವ ಪದ ಎಫ್‌ಎಸ್‌ಐ. ಅಂದರೆ ಇಷ್ಟು ಜಾಗದಲ್ಲಿ ಒಟ್ಟು ಎಷ್ಟು ಚದರಡಿ ಕಟ್ಟಬಹುದು ಅನ್ನುವ ಲೆಕ್ಕ. ಹಾಡಿನ ಸಭಾಂಗಣ ಈ ಲೆಕ್ಕದಲ್ಲಿ ಯಾವಾಗಲೂ ಸೋಲುತ್ತದೆ. ಅದಕ್ಕೆ ಎತ್ತರದ ಚಾವಣಿ ಬೇಕು, ಒಳಗೆ ಖಾಲಿ ಬೇಕು. ದನಿ ಹರಡೋದು ಆ ಖಾಲಿಯಲ್ಲೇ ಅಲ್ವಾ? ಕಟ್ಟುವವರ ಕಣ್ಣಿಗೆ ಮಾತ್ರ ಅಲ್ಲಿ ಹಾಳಾಗುತ್ತಿರುವ ಮಹಡಿಗಳು ಕಾಣುತ್ತವೆ. ಊರಿನ ನಡುವೆ ಜಾಗದ ಬೆಲೆ ಏರಿದಷ್ಟೂ ಆ ಕಣ್ಣು ಹರಿತವಾಗುತ್ತದೆ.

ಮುಂಬೈ ಚೆಂಬೂರಿನ ಆರ್‌ಕೆ ಸಿನಿಮಾ ಸ್ಟುಡಿಯೋ ಹೋದದ್ದು ಹೀಗೆಯೇ. ರಾಜ್ ಕಪೂರ್ 1948ರಲ್ಲಿ ಕಟ್ಟಿದ ಸ್ಟುಡಿಯೋ. ಶಂಕರ್-ಜೈಕಿಶನ್ ಜೋಡಿ ಕಟ್ಟಿದ ಎಷ್ಟೋ ಹಾಡುಗಳಿಗೆ ಅಲ್ಲಿ ಸೆಟ್ ಎದ್ದಿತ್ತು. 2017ರಲ್ಲಿ ಬೆಂಕಿ ಬಿತ್ತು. 2019ರಲ್ಲಿ ಅದು ಬಿಲ್ಡರ್ ಕೈಗೆ ಹೋಯಿತು, ಫ್ಲ್ಯಾಟುಗಳಿಗೆ ಜಾಗವಾಯಿತು. ಮತ್ತೆ ಕಟ್ಟಿ ನಡೆಸೋದು ಕೈಗೆಟುಕೋದಿಲ್ಲ ಅಂತ ಮನೆಯವರು ಹೇಳಿದ್ದರು. ನಾನು ಅವರನ್ನು ದೂರುವುದಿಲ್ಲ. ಒಂದು ಕುಟುಂಬ ಒಬ್ಬಂಟಿಯಾಗಿ ಹೊರಲಾರದ ಭಾರ ಅದು. ಮುಂಬೈಯದೇ ಕಾಲಾ ಘೋಡಾದ ರಿದಮ್ ಹೌಸ್ ಕೂಡ 2016ರಲ್ಲಿ ಬಾಗಿಲು ಮುಚ್ಚಿತು. ಕಟ್ಟಡ ಉಳಿಯಿತು, ರೆಕಾರ್ಡ್ ಅಂಗಡಿ ಉಳಿಯಲಿಲ್ಲ.

ಹಳೆಯದನ್ನೆಲ್ಲ ಹಾಗೇ ಬಿಡಿ ಅಂತ ನಾನು ಹೇಳುತ್ತಿಲ್ಲ. ಮುಂಬೈಯ ಭೇಂಡಿ ಬಜಾರಿನಲ್ಲಿ 2017ರಲ್ಲಿ ಒಂದು ಹಳೆಯ ಕಟ್ಟಡ ಕುಸಿದು 30ಕ್ಕೂ ಹೆಚ್ಚು ಜನ ಸತ್ತರು. ಹಿಂದೂಸ್ತಾನಿ ಗಾಯನದ ಒಂದು ಘರಾಣೆಗೆ, ಅಂದರೆ ಹಾಡುವ ಪರಂಪರೆಗೆ, ಹೆಸರು ಕೊಟ್ಟ ಪೇಟೆ ಅದು. ಕರ್ನಾಟಕ ಸಂಗೀತದ ಹಂಸಧ್ವನಿ ರಾಗವನ್ನು ಪ್ರೀತಿಯಿಂದ ಹಿಂದೂಸ್ತಾನಿಗೆ ತಂದುಕೊಂಡ ಗಾಯಕ ಅಮಾನ್ ಅಲಿ ಖಾನರ ಪೇಟೆ. ಆದರೂ ಅಲ್ಲಿನ ಜನರಿಗೆ ಗಟ್ಟಿಯಾದ ಮನೆ ಮೊದಲು ಬೇಕು. ಅಂಥ ಕಡೆ ಕೆಡವುವ ಮುಂಚೆ ಯಾರು ಎಲ್ಲಿ ಹಾಡಿದರು, ಎಲ್ಲಿ ಕಲಿಸಿದರು ಅಂತ ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಬೇಕು.

ರಿಪೇರಿ ಮಾಡಿ ಉಳಿಸಬಹುದಾದದ್ದನ್ನು ಕೆಡವುವುದು ಬೇರೆ ಮಾತು. ಮುಂಬೈಯ ರಾಯಲ್ ಒಪೇರಾ ಹೌಸ್ ನೋಡಿ. ಬಾಲಗಂಧರ್ವರು ಹಾಡಿದ ವೇದಿಕೆ. 1993ರಲ್ಲಿ ಮುಚ್ಚಿತು. ಅದರ ಕತೆ ಮುಗಿಯಿತು ಅಂತಲೇ ಎಷ್ಟೋ ಜನ ಅಂದುಕೊಂಡಿದ್ದರು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಕೈಯಲ್ಲಿ ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆಯಿತು. ಅಂದರೆ ಮನಸ್ಸಿದ್ದರೆ ಆಗುತ್ತದೆ. ಕಾನೂನಿನಲ್ಲೂ ದಾರಿ ಇದೆ. ಮುಂಬೈಯಲ್ಲಿ 1995ರಿಂದಲೇ ಪಾರಂಪರಿಕ ಕಟ್ಟಡಗಳ ನಿಯಮವಿದೆ. ಪಟ್ಟಿಯಲ್ಲಿರುವ ಕಟ್ಟಡದ ಮಾಲೀಕರು, ತಾವು ಕಟ್ಟದೆ ಬಿಟ್ಟ ಚದರಡಿಯ ಹಕ್ಕನ್ನು ಬೇರೆ ಕಡೆ ಮಾರಿಕೊಳ್ಳುವ ಅವಕಾಶವೂ ಅದರಲ್ಲಿದೆ. ಪಟ್ಟಿ ಮಾಡುವವರು ಕೆತ್ತನೆ, ಗುಮ್ಮಟ ಇರುವ ಕಟ್ಟಡಗಳ ಜೊತೆಗೆ ಹಾಡಿನ ಜಾಗಗಳನ್ನೂ ಹುಡುಕಿ ಸೇರಿಸಲಿ.

ಮತ್ತೆ ಪುಣೆಗೆ ಬರುತ್ತೇನೆ. ಬಾಲಗಂಧರ್ವದಲ್ಲಿ ನಾಟಕ, ಗಾಯನ ಮಾತ್ರ ನಡೆಯೋದಲ್ಲ. ಹಾಡಿ ಕುಣಿಯುವ ಮರಾಠಿ ಲಾವಣಿ ತಂಡಗಳಿಗೂ ಅದೇ ದೊಡ್ಡ ಆಸರೆ. ಆ ಹೆಣ್ಣುಮಕ್ಕಳು, ಢೋಲಕಿಯವರು, ಹಾರ್ಮೋನಿಯಂ ಪೆಟ್ಟಿಯವರು ಟಿಕೆಟ್ ಹಣದಲ್ಲೇ ಬಾಡಿಗೆ ಕಟ್ಟಿ, ಉಳಿದದ್ದನ್ನು ಹಂಚಿಕೊಳ್ಳಬೇಕು. ರಂಗಮಂದಿರ ಕೆಡವಿದರೆ ಹೊಸದು ಏಳುವವರೆಗೆ, ವರ್ಷಗಟ್ಟಲೆ, ಅವರು ಎಲ್ಲಿ ಆಡಬೇಕು? ಹೊಸದು ಎದ್ದ ಮೇಲೆ ಅಲ್ಲಿನ ಬಾಡಿಗೆ ಅವರ ಕೈಗೆ ಎಟುಕುತ್ತದೆಯೇ? ಎಷ್ಟು ಸಭಾಂಗಣ ಬರುತ್ತದೆ ಅನ್ನೋದಕ್ಕಿಂತ ನನಗೆ ಈ ಎರಡು ಪ್ರಶ್ನೆ ದೊಡ್ಡವು.

ಪುಣೆಯಲ್ಲಿರುವ ಕನ್ನಡದ ಗೆಳೆಯರೇ, ಯೋಜನೆಯ ಮಾತು ಮತ್ತೆ ಎದ್ದಾಗ ಸುಮ್ನೆ ಕೂರಬೇಡಿ. ಪಾಲಿಕೆಗೆ ಒಂದು ಪತ್ರ ಬರೆಯಿರಿ. ಮರಾಠಿಯಲ್ಲೇ ಬರೆಯಿರಿ, ಪಕ್ಕದ ಮನೆಯವರ ಸಹಿಯೂ ಸೇರಲಿ. ಕೆಡವದೆ ರಿಪೇರಿ ಮಾಡಲು ಎಷ್ಟು ಖರ್ಚಾಗುತ್ತದೆ, ಲಾವಣಿ ತಂಡಕ್ಕೆ ಒಂದು ಸಂಜೆಯ ಬಾಡಿಗೆ ಎಷ್ಟಿರುತ್ತದೆ ಅಂತ ಅದರಲ್ಲಿ ಕೇಳಿ. ಉತ್ತರ ಲಿಖಿತವಾಗಿಯೇ ಬೇಕು ಅಂತಲೂ ಸೇರಿಸಿ.

ನಮಸ್ಕಾರ.