ಸುಧಾರಣೆ ಆಗಿದ್ದು ಯಂತ್ರಕ್ಕೋ, ಲೆಕ್ಕಕ್ಕೋ?

ಕೇಳುಗರಿಗೆ ನಮಸ್ಕಾರ.

ದಾವಣಗೆರೆಯ ಮೆಕ್ಕೆಜೋಳದ ಮಾರುಕಟ್ಟೆಯಲ್ಲಿ ತೇವಾಂಶ ಹೆಚ್ಚಿದ್ದರೆ ದರ ಇಳಿಯುತ್ತದೆ. ಇಲ್ಲಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಇದಕ್ಕೆಂದೇ ಒಂದು ಸಾಫ್ಟ್‌ವೇರ್ ಬರೆದರು ಅಂತಿಟ್ಟುಕೊಳ್ಳಿ. ಪೇಟೆಂಟ್ ಸಿಗುತ್ತದೆಯೇ? ಕರ್ನಾಟಕದವರ ಅರ್ಜಿ ಹೋಗುವುದು ಚೆನ್ನೈ ಕಚೇರಿಗೆ. ಅಲ್ಲಿ ಮೊದಲು ಎದುರಾಗುವುದು ಪೇಟೆಂಟ್ ಕಾಯ್ದೆಯ 3(ಕೆ) ಕಲಮು. ಗಣಿತದ ವಿಧಾನ, ವ್ಯವಹಾರದ ವಿಧಾನ, ಹಂತ ಹಂತದ ಲೆಕ್ಕದ ಕ್ರಮವಾದ ಅಲ್ಗಾರಿದಮ್, ಬರೀ ಕಂಪ್ಯೂಟರ್ ಪ್ರೋಗ್ರಾಂ ಆವಿಷ್ಕಾರವಲ್ಲ ಎನ್ನುತ್ತದೆ ಅದು. ಆದರೆ 2019ರಲ್ಲಿ ಫೆರಿದ್ ಅಲ್ಲಾನಿ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್, ತಾಂತ್ರಿಕ ಪರಿಣಾಮವೋ ಕೊಡುಗೆಯೋ ಇದ್ದರೆ ಪ್ರೋಗ್ರಾಂ ಇದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ ಎಂದಿತು.

ಸರಿ, ತಾಂತ್ರಿಕ ಸುಧಾರಣೆಯನ್ನು ಗುರುತಿಸುವುದು ಹೇಗೆ? ಅಮೆರಿಕದ ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳು ನಮ್ಮನ್ನು ಕಟ್ಟಿಹಾಕುವುದಿಲ್ಲ, ಆದರೂ ವಿಷಯವನ್ನು ತಿಳಿಯಾಗಿಸುತ್ತವೆ. 1978ರ ಫ್ಲುಕ್ ಪ್ರಕರಣದಲ್ಲಿ, ರಾಸಾಯನಿಕ ಕ್ರಿಯೆ ನಡೆಯುವಾಗ ಎಚ್ಚರಿಕೆಯ ಮಿತಿಯನ್ನು ಸೂತ್ರದಿಂದ ಬದಲಿಸುವ ವಿಧಾನವಿತ್ತು. ಕೊನೆಗೆ ಕೈಗೆ ಬರುವುದು ಒಂದು ಹೊಸ ಅಂಕಿ, ಅಷ್ಟೇ. ಕೋರ್ಟು ಒಪ್ಪಲಿಲ್ಲ. 1981ರ ಡೀರ್ ಪ್ರಕರಣದಲ್ಲಿಯೂ ಸೂತ್ರವಿತ್ತು, ಅದೂ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಅಲ್ಲಿ ಅಚ್ಚಿನೊಳಗಿನ ಶಾಖವನ್ನು ಅಳೆಯುತ್ತಲೇ ಇದ್ದು, ರಬ್ಬರ್ ಹದವಾಗುವ ಸಮಯವನ್ನು ಮತ್ತೆ ಮತ್ತೆ ಲೆಕ್ಕ ಹಾಕಿ, ಆ ಹೊತ್ತಿಗೆ ಸರಿಯಾಗಿ ಅಚ್ಚು ತೆರೆಯುತ್ತಿತ್ತು. ಲೆಕ್ಕ ಕೆಲಸಕ್ಕೆ ಇಳಿದಿತ್ತು. ಅದನ್ನು ಒಪ್ಪಿದರು.

ಈಗ ನಮ್ಮ ಹುಡುಗರ ಕಡೆ ಬನ್ನಿ. ತೇವಾಂಶ ನೋಡಿ ದರ ಹೇಳುವ ಆ್ಯಪ್ ಆದರೆ ಅದು ವ್ಯಾಪಾರದ ಲೆಕ್ಕ. ಮೊಬೈಲಿನಲ್ಲಿ ಬೇಗ ಆಗುತ್ತದೆ ಎಂದರೂ ನಡೆಯದು. ಆ ವೇಗ ಕಂಪ್ಯೂಟರಿನದು, ಇವರದಲ್ಲ. ಅದರ ಬದಲು, ಕಾಳಿನ ಶಾಖದಿಂದ ಮೀಟರ್ ತಪ್ಪು ತೋರಿಸುವುದನ್ನು ಸಂವೇದಕದ, ಅಂದರೆ ತೇವಾಂಶ ಅಳೆಯುವ ಸೆನ್ಸರ್‌ನ, ಸಂಕೇತದಲ್ಲೇ ತಿದ್ದಿದರೆ, ಮೀಟರೇ ಉತ್ತಮವಾಯಿತು.

ಅರ್ಜಿಗಳು ಎಡವುವುದು ಹೆಚ್ಚಾಗಿ ಬರವಣಿಗೆಯಲ್ಲಿ ಎಂಬುದು ನನ್ನ ಅನಿಸಿಕೆ. "ನಿಖರತೆ ಹೆಚ್ಚುತ್ತದೆ" ಎಂದು ಹತ್ತು ಸಲ ಬರೆದರೆ ಪರೀಕ್ಷಕರು ನಂಬಬೇಕಿಲ್ಲ. ಯಾವ ಅಳತೆಯಿಂದ, ಯಾವ ಹಂತದಲ್ಲಿ, ಏಕೆ ಹೆಚ್ಚುತ್ತದೆ ಎಂಬುದು ವಿವರಣೆಯಲ್ಲಿರಬೇಕು. ಅಲ್ಲಿದ್ದರೂ ಸಾಲದು, ಹಕ್ಕು ಕೇಳುವ ಕ್ಲೇಮಿನಲ್ಲೂ ಆ ಹಂತ ಕಾಣಬೇಕು. ವಿವರಣೆಯಲ್ಲಿ ಸಂವೇದಕದ ಕಥೆ ಹೇಳಿ, ಕ್ಲೇಮಿನಲ್ಲಿ "ತೇವಾಂಶವನ್ನು ಲೆಕ್ಕ ಹಾಕುವುದು" ಎಂದಷ್ಟೇ ಬರೆದರೆ ಅಧಿಕಾರಿ ಓದುವುದು ಆ ಲೆಕ್ಕವನ್ನೇ.

ಇಷ್ಟಾದರೂ ದಾಟಿದ್ದು ಒಂದೇ ಬಾಗಿಲು. ಶಾಖಕ್ಕೆ ತಕ್ಕಂತೆ ತಿದ್ದಿಕೊಳ್ಳುವ ತೇವಾಂಶ ಮೀಟರುಗಳು ಈಗಾಗಲೇ ಅಂಗಡಿಯಲ್ಲಿವೆ. ಹೊಸತನದ ಪ್ರಶ್ನೆ ಬಂದಾಗ ಹುಡುಗರು ಬೇರೆಯದೇ ಉತ್ತರ ಕೊಡಬೇಕಾಗುತ್ತದೆ. ನಮಸ್ಕಾರ.