ರಾಟೆ, ರಬ್ಬರ್ ಪಟ್ಟಿ, ಅರ್ಧ ಕೆಜಿ ಮರಳು

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ಭಾಷಣ ಅಂದರೆ ಊಟದ ಹೊತ್ತಿಗೆ ಮುಗಿಯಬೇಕು, ನನಗೂ ಗೊತ್ತು. ಮುಗಿಸುತ್ತೇನೆ.

ಈ ಮೇಜಿನ ಮೇಲಿರುವುದು ಒಂದು ರಾಟೆ, ಅದಕ್ಕೊಂದು ಹಗ್ಗ. ಐದು ಬಣ್ಣದ ರಬ್ಬರ್ ಪಟ್ಟಿ. ಮರಳು ತುಂಬಿದ ಒಂದು ಕಾಲುಚೀಲ. ಪಕ್ಕದಲ್ಲಿ ಒಂದು ವಾಕರ್. ಫಿಸಿಯೋಥೆರಪಿ ಅಂದರೆ ಇಷ್ಟೇನಾ ಅನ್ನಬೇಡಿ. ಔಷಧಿಗೆ ಅಳತೆ ಇರುವ ಹಾಗೆ ವ್ಯಾಯಾಮಕ್ಕೂ ಅಳತೆ ಬೇಕು. ಇವೆಲ್ಲ ಆ ಅಳತೆಯ ಪಾವು, ಸೇರು.

ಮೊದಲು ರಾಟೆ. ಭುಜ ಹಿಡಿದುಕೊಂಡವರು ಇಲ್ಲಿ ಒಬ್ಬರಾದರೂ ಇರುತ್ತೀರಿ. ತುರುಬು ಕಟ್ಟೋಕೆ ಆಗಲ್ಲ, ಮೇಲಿನ ಶೆಲ್ಫಿನ ಡಬ್ಬ ಕೈಗೆ ಸಿಗಲ್ಲ, ರಾತ್ರಿ ಆ ಮಗ್ಗುಲಿಗೆ ಮಲಗೋಕೆ ಆಗಲ್ಲ. ಫ್ರೋಜನ್ ಶೋಲ್ಡರ್ ಅನ್ನುತ್ತೇವೆ. ಸಕ್ಕರೆ ಕಾಯಿಲೆ ಇರುವವರಿಗೆ ಜಾಸ್ತಿ ಬರುತ್ತದೆ. ರಾಟೆಯನ್ನು ಬಾಗಿಲ ಮೇಲ್ಗಡೆ ಭದ್ರವಾಗಿ ಕಟ್ಟಿ, ಕೆಳಗೆ ಕುರ್ಚಿ ಹಾಕಿಕೊಂಡು ಕೂರಿ. ಹಗ್ಗದ ಎರಡು ತುದಿ ಎರಡು ಕೈಯಲ್ಲಿ. ಬಾವಿ ನೀರು ಸೇದಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಒಳ್ಳೆಯ ಕೈ ಸೇದುತ್ತದೆ, ನೋಯುವ ಕೈ ಕೊಡಪಾನದ ಹಾಗೆ ಸುಮ್ನೆ ಮೇಲೆ ಬರುತ್ತದೆ. ಕೊಡಪಾನ ಕಷ್ಟಪಡಬೇಕಾಗಿಲ್ಲ ಅಲ್ವಾ? ಹಾಗೇ. ಬಿಗಿ ಅನ್ನಿಸಿದ ಕಡೆ ಒಂದೆರಡು ಸಲ ಉಸಿರಾಡುವಷ್ಟು ಹೊತ್ತು ಕೈಯನ್ನು ಹಾಗೇ ನಿಲ್ಲಿಸಿ, ನಿಧಾನಕ್ಕೆ ಇಳಿಸಿ. ಭುಜ ಕಿವಿ ಹತ್ತಿರ ಹೋಯಿತು ಅಂದರೆ ನೀವು ಕಳ್ಳಾಟ ಆಡುತ್ತಿದ್ದೀರಿ ಅಂತ ಅರ್ಥ.

ಒಂದು ಮಾತು ಮಾತ್ರ ನೆನಪಿರಲಿ. ಲಕ್ವ ಹೊಡೆದು ಭುಜ ಜೋತುಬಿದ್ದವರಿಗೆ ಈ ರಾಟೆ ಕೊಡಬೇಡಿ. ಅಲ್ಲಿ ಕೀಲನ್ನು ಹಿಡಿದಿಡುವ ಸ್ನಾಯುವೇ ಸೋತಿರುತ್ತದೆ. ಎಳೆದರೆ ಒಳಗೆ ಉಜ್ಜಿ ನೋವು ಹೆಚ್ಚಾಗುತ್ತದೆ. ಪಕ್ಕದ ಮನೆಯವರಿಗೆ ವಾಸಿಯಾಯಿತು ಅಂತ ತಂದು ಕಟ್ಟುವವರು ಇದ್ದಾರೆ, ಅದಕ್ಕೇ ಹೇಳಿದೆ.

ಇನ್ನು ರಬ್ಬರ್ ಪಟ್ಟಿ. ಹೆಚ್ಚಾಗಿ ಸಿಗುವ ಪಟ್ಟಿಗಳಲ್ಲಿ ಹಳದಿ ಸಡಿಲ, ಆಮೇಲೆ ಕೆಂಪು, ಹಸಿರು, ನೀಲಿ, ಕಪ್ಪು ಅಂತ ಬಿಗಿ ಏರುತ್ತಾ ಹೋಗುತ್ತದೆ. ಎಲ್ಲಾ ಕಂಪನಿಯವರೂ ಇದೇ ಬಣ್ಣ ಇಡುವುದಿಲ್ಲ, ಕೊಳ್ಳುವಾಗ ಎಳೆದು ನೋಡಿ. ನಮ್ಮಲ್ಲಿಗೆ ಒಬ್ಬರು ಯಜಮಾನರು ಬಂದಿದ್ದರು. ಕಬ್ಬು ಕಡಿದ ಕೈ. ಹಳದಿ ಪಟ್ಟಿ ನೋಡಿ, "ಇದೇನವ್ವ ಮಕ್ಕಳಾಟ" ಅಂದರು. ನಾನು ಆ ಕಡೆ ತಿರುಗಿದ್ದೇ ತಡ, ಕಪ್ಪು ತಗೊಂಡು ಹತ್ತು ಸಲ ಎಳೆದರು. ನಾಲ್ಕು ದಿನ ಊಟದ ಕೈ ಬಾಯಿಗೆ ಹೋಗಲಿಲ್ಲ. ಐದನೇ ದಿನ ಬಂದು ತಾವಾಗಿಯೇ ಹಳದಿ ಕೇಳಿದರು. ಪಟ್ಟಿಯನ್ನು ಬಿಸಿಲಿಗೆ ಹಾಕಬೇಡಿ. ಅಂಚಿನಲ್ಲಿ ಸಣ್ಣ ಹರಕು ಕಂಡರೂ ಎಸೆದುಬಿಡಿ, ಕಿತ್ತು ಬಂದರೆ ಕಣ್ಣಿಗೇ ಬಡಿಯುತ್ತದೆ.

ಕಾಲುಚೀಲದ ಕಥೆ ಸ್ವಲ್ಪ ಹಳೆಯದು. ಎರಡನೇ ಮಹಾಯುದ್ಧದ ಕಾಲ. ಮಂಡಿಗೆ ಪೆಟ್ಟು ಬಿದ್ದ ಸೈನಿಕರಿಗೆ ಹಗುರ ತೂಕ ಕೊಟ್ಟು ಲೆಕ್ಕವಿಲ್ಲದಷ್ಟು ಸಲ ಎತ್ತಿಸುತ್ತಿದ್ದರು. ಅಮೆರಿಕದ ಸೈನ್ಯದ ಡಾಕ್ಟರ್ ಥಾಮಸ್ ಡಿಲಾರ್ಮ್ ಅದನ್ನು ತಿರುವಿಹಾಕಿದರು. ತೂಕ ಜಾಸ್ತಿ, ಎತ್ತುವುದು ಕಡಿಮೆ. 1945ರಲ್ಲಿ ಅದನ್ನು ಬರೆದೂ ಪ್ರಕಟಿಸಿದರು. ಆಮೇಲೆ ಒಂದು ಸುಲಭ ಲೆಕ್ಕ ಬಂತು. 10 ಸಲ ಎತ್ತಬಹುದು, 11ನೆಯದು ಆಗುವುದಿಲ್ಲ, ಅಂಥ ತೂಕ ಹುಡುಕಿ. 2 ಕೆಜಿ ಅಂತಿಟ್ಟುಕೊಳ್ಳಿ. ಮೊದಲ 10 ಅದರ ಅರ್ಧಕ್ಕೆ, ಅಂದರೆ 1 ಕೆಜಿಗೆ. ಮುಂದಿನ 10 ಮುಕ್ಕಾಲಿಗೆ, ಒಂದೂವರೆ. ಕೊನೆಯ 10 ಪೂರ್ತಿ ತೂಕಕ್ಕೆ. ಆಪರೇಷನ್ ಆದವರು, ವಯಸ್ಸಾದವರು ಇದನ್ನು ಸ್ವಂತಕ್ಕೆ ಶುರು ಮಾಡಬಾರದು. ನಿಮಗೆ ಅರ್ಧ ಕೆಜಿಯಿಂದ ಶುರು ಮಾಡಿ ಅಂದರೆ, ಮರಳನ್ನು ದಿನಸಿ ಅಂಗಡಿ ತಕ್ಕಡಿಯಲ್ಲಿ ತೂಗಿಸಿ, ಕಾಲುಚೀಲಕ್ಕೆ ತುಂಬಿ, ಪಾದದ ಮೇಲ್ಗಡೆ ಕಟ್ಟಿಕೊಳ್ಳಿ. ಅಂಗಡಿಯದೇ ಬೇಕು ಅಂತೇನಿಲ್ಲ.

ಕಾಲನ್ನು ತಾನೇ ಮಡಿಸಿ ಬಿಡಿಸುವ ಕರೆಂಟ್ ಮಷೀನೂ ಇದೆ, ಸಿಪಿಎಂ ಅಂತ. ಆಪರೇಷನ್ ಮಾಡಿ ಮಂಡಿ ಕೀಲು ಬದಲಿಸಿದವರಲ್ಲಿ ಪರೀಕ್ಷೆ ಮಾಡಿ ನೋಡಿದಾಗ ಅದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ನನ್ನನ್ನು ಕೇಳಿದರೆ, ಮಷೀನು ಮಡಿಸಿದ ನೂರು ಸಲಕ್ಕಿಂತ ನೀವು ಮಡಿಸಿದ ಹತ್ತು ಸಲ ಮೇಲು.

ಕೊನೆಗೆ ವಾಕರ್. ಇದರಲ್ಲಿ ನಾನೇ ತಪ್ಪು ಮಾಡಿದ್ದೇನೆ. ನಮ್ಮಪ್ಪನಿಗೆ ತಂದಾಗ ಅಂಗಡಿಯವನು ಹೇಗೆ ಕೊಟ್ಟನೋ ಹಾಗೇ ಮನೆಗೆ ತಂದೆ. ಎತ್ತರ ನೋಡಲಿಲ್ಲ. ಅಪ್ಪ ಗೂನು ಬೆನ್ನು ಮಾಡಿಕೊಂಡು ಒಂದು ವಾರ ನಡೆದರು. ಮಂಡಿ ನೋವಿಗೆ ಸೊಂಟ ನೋವೂ ಸೇರಿತು. ದಿನವಿಡೀ ಊರವರ ವಾಕರ್ ಸರಿ ಮಾಡುವ ಮಗಳು, ಮನೆಯದ್ದು ಕಾಣಲಿಲ್ಲ ನೋಡಿ! ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಹಿಡಿ ನಿಮ್ಮ ಮಣಿಕಟ್ಟಿನ ಗೆರೆಗೆ ಬರಬೇಕು. ಕೋಲಿಗೂ ಅದೇ ಅಳತೆ. ಬಲ ಮಂಡಿ ನೋವಿದ್ದರೆ ಕೋಲು ಎಡಗೈಯಲ್ಲಿರಲಿ. ನೋಯುವ ಕಡೆಯೇ ಹಿಡಿಯುವವರೇ ಜಾಸ್ತಿ, ಬಾಗಿಲಲ್ಲಿ ನಿಂತು ನೋಡುತ್ತಿದ್ದೆ.

ನೀವು ತಂದಿರುವ ಕೋಲುಗಳನ್ನು ಇಲ್ಲಿಗೆ ತನ್ನಿ. ತುದಿಯ ರಬ್ಬರ್ ಸವೆದಿದೆಯಾ ನೋಡೋಣ. ಎತ್ತರ ಈಗಲೇ ಸರಿ ಮಾಡಿಕೊಡುತ್ತೇನೆ, ಊಟಕ್ಕೆ ಇನ್ನೂ ಹತ್ತು ನಿಮಿಷ ಇದೆ.